ತೋರಾ ಹೊತ್ತು ಕುಣಿಯುವ ದಿನ

ಕೊಚ್ಚಿಯ ಮಟ್ಟಂಚೇರಿಯಲ್ಲಿ ಜ್ಯೂ ಸ್ಟ್ರೀಟ್ ಎಂಬ ಇಕ್ಕಟ್ಟಿನ ಬೀದಿಯಿದೆ. ಇಕ್ಕೆಲದಲ್ಲೂ ಮೆಣಸು, ಏಲಕ್ಕಿ, ಶುಂಠಿಯ ಮಳಿಗೆಗಳು, ಹಳೆಯ ಮರಗೆಲಸದ ಸಾಮಾನು ಮಾರುವ ಅಂಗಡಿಗಳು. ಬೀದಿ ಮುಗಿಯುವಲ್ಲಿ ಯಹೂದಿಗಳ ಪ್ರಾರ್ಥನಾಮಂದಿರ, ಪರದೇಸಿ ಸಿನಗಾಗ್. ಕೇರಳ ಪ್ರವಾಸಕ್ಕೆ ಹೋಗುವ ಕನ್ನಡಿಗರಲ್ಲಿ ಅನೇಕರು ಇಲ್ಲಿಗೂ ಹೋಗಿಬರುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಕಾಲಡಿಯಲ್ಲಿ ಚೀನಾದಿಂದ ತರಿಸಿದ ನೀಲಿ ಬಿಳಿ ಟೈಲ್ಸ್, ತಲೆಯ ಮೇಲೆ ಬಣ್ಣಬಣ್ಣದ ಗಾಜಿನ ತೂಗುದೀಪ, ನಡುವೆ ಹಿತ್ತಾಳೆ ಕಟಾಂಜನದ ವೇದಿಕೆ. 1568ರಲ್ಲಿ ಕಟ್ಟಿದ್ದು, ಪೋರ್ಚುಗೀಸರು ಹಾಳುಗೆಡವಿದ ಮೇಲೆ ಡಚ್ಚರ ಕಾಲದಲ್ಲಿ ಮತ್ತೆ ಎದ್ದು ನಿಂತದ್ದು ಎಂದು ಗೈಡ್ ಹೇಳಿ ಮುಗಿಸುವ ಹೊತ್ತಿಗೆ ನೋಡುವುದೂ ಮುಗಿದಿರುತ್ತದೆ. ಇಷ್ಟು ಚಂದದ ಒಂದು ಕೋಣೆಯನ್ನು ಯಾತಕ್ಕಾಗಿ ಕಟ್ಟಿದರು ಎಂಬುದು ಮಾತ್ರ ಆ ಭೇಟಿಯಲ್ಲಿ ತಿಳಿಯುವುದಿಲ್ಲ. ತಿಳಿಯಬೇಕಾದರೆ ಸಿಮ್ಹತ್ ತೋರಾ ಎಂಬ ಹಬ್ಬದ ವಿಚಾರಕ್ಕೆ ಬರಬೇಕು. ಆ ದಿನ ಈ ನೆಲದ ಮೇಲೆ ಜನ ಧರ್ಮಗ್ರಂಥವನ್ನು ಮಗುವಿನಂತೆ ಎದೆಗವಚಿಕೊಂಡು ಸುತ್ತು ಬರುತ್ತಿದ್ದರು, ಹಾಡುತ್ತಿದ್ದರು, ಕುಣಿಯುತ್ತಿದ್ದರು.

ಸಿಮ್ಹತ್ ತೋರಾ ಎಂದರೆ ತೋರಾದ ಸಂಭ್ರಮ. ಕನ್ನಡ ಬೈಬಲ್ ಓದಿದವರಿಗೆ ಆದಿಕಾಂಡದಿಂದ ಧರ್ಮೋಪದೇಶಕಾಂಡದವರೆಗೆ ಗೊತ್ತಿರುವ ಐದು ಪುಸ್ತಕಗಳೇ ತೋರಾ. ಸಿನಗಾಗಿನಲ್ಲಿ ಇದನ್ನು 54 ಭಾಗ ಮಾಡಿ ವಾರವಾರವೂ ಶನಿವಾರ ಬೆಳಗ್ಗೆ ಓದುತ್ತಾರೆ. ಕೆಲವು ವಾರ ಎರಡು ಭಾಗ ಸೇರಿಸಿ ಓದುವುದೂ ಉಂಟು. ಕೊನೆಯ ಭಾಗವೊಂದನ್ನು ಮಾತ್ರ ಶನಿವಾರಕ್ಕೆ ಬಿಡದೆ ಈ ಹಬ್ಬಕ್ಕೆಂದೇ ಎತ್ತಿಟ್ಟಿರುತ್ತಾರೆ. ಅದರಲ್ಲಿ ಬರುವುದು ಮೋಶೆಯ ಮರಣ. ನಲವತ್ತು ವರ್ಷ ಜನರನ್ನು ಮರಳುಗಾಡಿನಲ್ಲಿ ನಡೆಸಿಕೊಂಡು ಬಂದವನು ನೆಬೋ ಬೆಟ್ಟದ ಮೇಲೆ ನಿಂತು ದೇವರು ಮಾತುಕೊಟ್ಟ ನಾಡನ್ನು ಕಣ್ತುಂಬ ನೋಡುತ್ತಾನೆ, ಅದರೊಳಗೆ ಕಾಲಿಡದೆ ತೀರಿಕೊಳ್ಳುತ್ತಾನೆ. ಗ್ರಂಥ ಅಲ್ಲಿಗೆ ಮುಗಿಯುತ್ತದೆ. ಆದರೆ ಓದು ಮುಗಿಯುವುದಿಲ್ಲ. ಅದೇ ಬೆಳಗ್ಗೆ, ಅದೇ ವೇದಿಕೆಯ ಮೇಲೆ ಇನ್ನೊಂದು ಸುರುಳಿಯನ್ನು ಬಿಚ್ಚಿ ಜಗತ್ತಿನ ಸೃಷ್ಟಿಯ ಮೊದಲ ಅಧ್ಯಾಯವನ್ನು ಓದತೊಡಗುತ್ತಾರೆ. ನಮ್ಮ ಊರುಗಳಲ್ಲಿ ಭಾರತ ವಾಚನ ಮುಗಿದ ರಾತ್ರಿ ಮಂಗಳ ಹಾಡಿ, ಪ್ರಸಾದ ಹಂಚಿ, ಮುಂದಿನ ವಾಚನಕ್ಕೆ ಮತ್ತೊಂದು ಮಳೆಗಾಲ ಕಾಯುತ್ತೇವೆ. ಯಹೂದಿಗಳಲ್ಲಿ ಮಂಗಳಕ್ಕೂ ಆರಂಭಕ್ಕೂ ನಡುವೆ ಒಂದು ಗಳಿಗೆಯ ಬಿಡುವೂ ಇಲ್ಲ.

ಇನ್ನೊಂದು ಸುರುಳಿ ಏಕೆ ಎನ್ನುವುದಕ್ಕೆ ಸರಳವಾದ ಕಾರಣವಿದೆ. ತೋರಾ ಹಾಳೆ ತಿರುವುವ ಪುಸ್ತಕವಲ್ಲ. ಶಾಸ್ತ್ರಕ್ಕೆ ಒಪ್ಪುವ ಪ್ರಾಣಿಯ ಚರ್ಮವನ್ನು ಹದಮಾಡಿ, ತುಂಡುಗಳನ್ನು ಹೊಲಿದು ಜೋಡಿಸಿ, ಎರಡು ಕೋಲುಗಳಿಗೆ ಸುತ್ತಿದ ಉದ್ದನೆಯ ಸುರುಳಿ ಅದು. ಕೊನೆಯಿಂದ ಮೊದಲಿಗೆ ಸುತ್ತಿ ತರಬೇಕೆಂದರೆ ಸಭೆಯೆಲ್ಲ ಕಾದು ಕೂರಬೇಕು. ಹಾಗಾಗಿ ಕೊನೆಗೆ ಬಿಚ್ಚಿದ್ದೊಂದು, ಮೊದಲಿಗೆ ಬಿಚ್ಚಿದ್ದೊಂದು ಸಿದ್ಧವಾಗಿಟ್ಟಿರುತ್ತಾರೆ. ಇಂಥ ಒಂದು ಸುರುಳಿಯಲ್ಲಿ 3,04,805 ಅಕ್ಷರಗಳಿರುತ್ತವೆ. ಸೋಫೇರ್ ಎಂದು ಕರೆಯುವ ಲಿಪಿಕಾರ ಗರಿಯ ಲೇಖನಿಯಿಂದ ಒಂದೊಂದೇ ಅಕ್ಷರ ನೋಡಿ ಬರೆಯುತ್ತ ಹೋದರೆ ಸುಮಾರು ಒಂದು ವರ್ಷದ ಕೆಲಸ. ಒಂದೇ ಒಂದು ಅಕ್ಷರ ತಪ್ಪಿದರೂ, ಅಳಿಸಿಹೋದರೂ, ತಿದ್ದಿಸುವ ತನಕ ಆ ಸುರುಳಿಯಿಂದ ಓದುವಂತಿಲ್ಲ. ಬರೆದದ್ದರಲ್ಲಿ ಸ್ವರಚಿಹ್ನೆ ಇರುವುದಿಲ್ಲ, ವಿರಾಮಚಿಹ್ನೆ ಇರುವುದಿಲ್ಲ, ರಾಗದ ಗುರುತೂ ಇರುವುದಿಲ್ಲ. ಓದುವವನು ಅದನ್ನೆಲ್ಲ ಬಾಯಿಪಾಠ ಮಾಡಿಕೊಂಡೇ ವೇದಿಕೆ ಹತ್ತಬೇಕು. ತಪ್ಪಿದರೆ ಸುತ್ತ ಕೂತವರು ತಿದ್ದುತ್ತಾರೆ. ಓದಿ ಓದಿ ಸವೆದುಹೋದ ಸುರುಳಿಯನ್ನು ಎಸೆಯುವುದಿಲ್ಲ, ಮನುಷ್ಯರನ್ನು ಹೂಳುವಂತೆ ಮಣ್ಣು ಮಾಡುತ್ತಾರೆ. ವರ್ಷವಿಡೀ ಇಷ್ಟು ಬಿಗಿಯಾಗಿ, ಇಷ್ಟು ಭಯಭಕ್ತಿಯಿಂದ ನಡೆಸಿಕೊಂಡ ಗ್ರಂಥವನ್ನು ಒಂದು ದಿನ ಭುಜಕ್ಕೇರಿಸಿಕೊಂಡು ಕುಣಿಯುತ್ತಾರೆ ಎನ್ನುವುದರಲ್ಲಿ ಈ ಹಬ್ಬದ ಸ್ವಾರಸ್ಯವಿದೆ.

ಹಬ್ಬದ ಕಾಲ ತಿಶ್ರೀ ಮಾಸ. ಆ ತಿಂಗಳ ಮೊದಲೆರಡು ದಿನ ಹೊಸ ವರ್ಷ, ಹತ್ತನೆಯ ದಿನ ಉಪವಾಸದ ಯೋಮ್ ಕಿಪ್ಪೂರ್. ಹುಣ್ಣಿಮೆಯ ದಿನ ಸುಕ್ಕೋತ್ ಶುರು. ನಮ್ಮ ಪಂಚಾಂಗದಲ್ಲಿ ಅದು ಭಾದ್ರಪದದ ಇಲ್ಲವೇ ಆಶ್ವಯುಜದ ಹುಣ್ಣಿಮೆಗೆ ಹೊಂದುತ್ತದೆ. ಎಲೆ, ಗರಿ ಹೊದಿಸಿದ ಚಪ್ಪರದಡಿಯಲ್ಲಿ ಏಳು ದಿನ ಉಂಡು, ಎಂಟನೆಯ ದಿನ ಶೆಮಿನಿ ಅಟ್ಸೆರೆತ್ ಆಚರಿಸಿ, ಅದರ ಮರುದಿನ ಸಿಮ್ಹತ್ ತೋರಾ. ಇಸ್ರೇಲಿನಲ್ಲಿ ಈ ಎರಡೂ ಒಂದೇ ದಿನ ಬರುತ್ತವೆ. ಈ ಹಬ್ಬದ ಹೆಸರು ಬೈಬಲಿನಲ್ಲಿಲ್ಲ. ಒಂದು ವರ್ಷಕ್ಕೆ ತೋರಾ ಓದಿ ಮುಗಿಸುವ ಪದ್ಧತಿ ಬಾಬಿಲೋನಿನ ಯಹೂದಿಗಳದ್ದು. ಪ್ಯಾಲೆಸ್ತೀನಿನವರು ಹಿಂದೆ ಮೂರು ವರ್ಷಕ್ಕೂ ಮೀರಿ ಓದುತ್ತಿದ್ದರು. ಬಾಬಿಲೋನಿನ ಪದ್ಧತಿ ಎಲ್ಲೆಡೆ ನೆಲೆಗೊಂಡ ಮೇಲೆ ಮುಗಿದ ದಿನಕ್ಕೊಂದು ಸಂಭ್ರಮ ಸೇರಿಕೊಂಡಿತು. ಅಂದರೆ ಇದು ಯಾವ ರಾಜನೋ ಪ್ರವಾದಿಯೋ ವಿಧಿಸಿದ್ದಲ್ಲ, ಓದುವ ಜನ ತಾವಾಗಿ ಕಟ್ಟಿಕೊಂಡ ಹಬ್ಬ. ನನಗೆ ಇದರ ಮೇಲೆ ಇಷ್ಟು ಪ್ರೀತಿ ಹುಟ್ಟಲು ಅದೂ ಒಂದು ಕಾರಣ.

ಆಚರಣೆ ಹೀಗೆ. ಸಂಜೆ ಪ್ರಾರ್ಥನೆಯಾದ ಮೇಲೆ ಗ್ರಂಥಪೀಠದ ಬಾಗಿಲು ತೆರೆದು ಒಳಗಿರುವ ಎಲ್ಲ ಸುರುಳಿಗಳನ್ನೂ ಹೊರತೆಗೆಯುತ್ತಾರೆ. ಅವನ್ನು ಹೊತ್ತು ನಡುವಣ ವೇದಿಕೆಗೆ ಏಳು ಸುತ್ತು ಬರುತ್ತಾರೆ. ಇದಕ್ಕೆ ಹಕಾಫೋತ್ ಎಂದು ಹೆಸರು. ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಸುರುಳಿ ದಾಟುತ್ತದೆ. ಕೈಗೆ ಸಿಗದವರು ಬೆರಳಿಂದ ಮುಟ್ಟಿ ಮುತ್ತಿಟ್ಟುಕೊಳ್ಳುತ್ತಾರೆ. ಮಕ್ಕಳ ಕೈಯಲ್ಲಿ ಬಾವುಟ, ಜೇಬಿನಲ್ಲಿ ಮಿಠಾಯಿ. ಬೆಳಗಿನ ಓದಿನಲ್ಲಿ ಕೊನೆಯ ಭಾಗಕ್ಕೆ ನಿಲ್ಲುವವನನ್ನು ತೋರಾದ ಮದುಮಗನೆಂದೂ, ಸೃಷ್ಟಿಯ ಭಾಗಕ್ಕೆ ನಿಲ್ಲುವವನನ್ನು ಆದಿಯ ಮದುಮಗನೆಂದೂ ಕರೆಯುತ್ತಾರೆ. ಉಳಿದ ದಿನಗಳಲ್ಲಿ ಕೆಲವರನ್ನಷ್ಟೇ ವೇದಿಕೆಗೆ ಕರೆದರೆ, ಈ ದಿನ ಸಭೆಯಲ್ಲಿರುವ ಎಲ್ಲರಿಗೂ ಸರದಿ ಬರಬೇಕು. ಒಂದೇ ಭಾಗವನ್ನು ಮತ್ತೆ ಮತ್ತೆ ಓದಿಯಾದರೂ ಯಾರೂ ಬಿಟ್ಟುಹೋಗದಂತೆ ನೋಡಿಕೊಳ್ಳುತ್ತಾರೆ. ಅನೇಕ ಕಡೆ ಕೊನೆಗೆ ಊರಿನ ಮಕ್ಕಳನ್ನೆಲ್ಲ ವೇದಿಕೆಯ ಬಳಿ ನಿಲ್ಲಿಸಿ, ಹಿರಿಯರು ಪ್ರಾರ್ಥನಾ ಶಾಲನ್ನು ಅವರ ತಲೆಯ ಮೇಲೆ ಚಪ್ಪರದಂತೆ ಹಿಡಿದು, ಎಲ್ಲ ಮಕ್ಕಳ ಪರವಾಗಿ ಒಂದು ಓದು ಓದುತ್ತಾರೆ. ಹೆಂಗಸರೂ ಸುರುಳಿ ಹೊತ್ತು ಕುಣಿಯುವ ಸಭೆಗಳು ಈಗ ಜಗತ್ತಿನಲ್ಲಿ ಬೇಕಾದಷ್ಟಿವೆ.

ಇದೆಲ್ಲ ಹೊರಗಿನವರಿಗೆ ಗದ್ದಲವಾಗಿಯೂ ಕಾಣಬಹುದು. ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೆಪೀಸ್ 1663ರ ಅಕ್ಟೋಬರ್ 14ರಂದು ಅಲ್ಲಿನ ಸಿನಗಾಗಿಗೆ ಹೋದ. ಅವನು ಹೋದದ್ದು ಸರಿಯಾಗಿ ಈ ಹಬ್ಬದ ದಿನ, ಅದು ಅವನಿಗೆ ಗೊತ್ತಿರಲಿಲ್ಲ. ಪ್ರಾರ್ಥನೆಯ ನಡುವೆ ಇಂಥ ನಗು, ಓಡಾಟ, ಅಶಿಸ್ತು ಇರಲು ಸಾಧ್ಯವೇ ಎಂದು ಬೆಚ್ಚಿ ದಿನಚರಿಯಲ್ಲಿ ಬರೆದುಕೊಂಡ. ಮೂರು ಶತಮಾನಗಳ ನಂತರ ಮಾಸ್ಕೋದಲ್ಲಿ ಅದೇ ಗದ್ದಲ ಬೇರೆಯದೇ ಅರ್ಥ ಪಡೆಯಿತು. ಧರ್ಮವನ್ನು ಹೇಳಿಕೊಳ್ಳುವುದೇ ಕಷ್ಟವಾಗಿದ್ದ ಸೋವಿಯತ್ ದಿನಗಳಲ್ಲಿ, 1960ರ ದಶಕದಿಂದ, ಹೀಬ್ರೂವಿನ ಒಂದಕ್ಷರ ಬಾರದ ಯುವಕ ಯುವತಿಯರೂ ಸಿಮ್ಹತ್ ತೋರಾ ರಾತ್ರಿ ಅರ್ಖಿಪೋವಾ ಬೀದಿಯ ಸಿನಗಾಗಿನ ಮುಂದೆ ಸಾವಿರಗಟ್ಟಲೆ ಸೇರಿ ಕುಣಿಯುತ್ತಿದ್ದರು. ನಾವು ಯಹೂದಿಗಳು ಎಂದು ಬಾಯಿಬಿಟ್ಟು ಹೇಳಲು ಅವರಿಗೆ ಸಿಕ್ಕಿದ್ದು ಅದೊಂದೇ ರಾತ್ರಿ.

ಕೊಚ್ಚಿಯ ಯಹೂದಿಗಳಿಗೆ ಅಂಥ ಭಯ ಇರಲಿಲ್ಲ. ಪೋರ್ಚುಗೀಸರ ಕಾಲದಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ಮಲಬಾರಿನಲ್ಲಿ ಅವರು ಬಹುಮಟ್ಟಿಗೆ ನೆಮ್ಮದಿಯಿಂದ ಬಾಳಿದರು. ಸುಮಾರು ಸಾವಿರ ವರ್ಷದ ಹಿಂದೆ ಚೇರ ದೊರೆ ಭಾಸ್ಕರ ರವಿವರ್ಮ ಅವರ ಮುಖಂಡ ಜೋಸೆಫ್ ರಬ್ಬಾನನಿಗೆ ತಾಮ್ರಪಟ ಬರೆಸಿಕೊಟ್ಟ. ಎಪ್ಪತ್ತೆರಡು ಹಕ್ಕುಗಳು ಅದರಲ್ಲಿ ಸೇರಿವೆ. ಹಗಲುದೀಪ, ನಡೆಯುವ ದಾರಿಗೆ ಹಾಸುವ ಬಟ್ಟೆ, ಪಲ್ಲಕ್ಕಿ, ಕೊಡೆ, ವಾದ್ಯ, ಕಹಳೆ, ತೋರಣ. ಇವು ನಮ್ಮ ನಾಡಿನಲ್ಲಿ ದೇವರಿಗೂ ಅರಸರಿಗೂ ಸಲ್ಲುವ ಮರ್ಯಾದೆಗಳೆಂದು ಯಾವ ಕನ್ನಡಿಗನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪರದೇಸಿ ಸಿನಗಾಗಿನ ಗೋಡೆಗೆ ಹೊಂದಿಕೊಂಡಂತೆಯೇ ಮಟ್ಟಂಚೇರಿ ಅರಮನೆಯ ಆವರಣವಿದೆ, ಅಲ್ಲೊಂದು ದೇವಸ್ಥಾನವೂ ಇದೆ. ತೋರಾ ಸುರುಳಿಗೆ ತೊಡಿಸುವ ಚಿನ್ನದ ಕಿರೀಟವೊಂದು ತಿರುವಾಂಕೂರು ಅರಸರ ಕಾಣಿಕೆ.

ಈ ನೆರೆಹೊರೆಯ ಗುರುತು ಕೊಚ್ಚಿಯ ಸಿಮ್ಹತ್ ತೋರಾದಲ್ಲಿ ಎದ್ದು ಕಾಣುತ್ತಿತ್ತು. ಹಬ್ಬಕ್ಕೆ ಮುನ್ನ ಸುರುಳಿಗಳನ್ನು ಗೋಡೆಯೊಳಗಿನ ಪೀಠದಿಂದ ಹೊರತಂದು, ರೇಷ್ಮೆಯಿಂದ ಸಿಂಗರಿಸಿದ ತಾತ್ಕಾಲಿಕ ಪೀಠವೊಂದರಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದರು. ತೆಂಗಿನೆಣ್ಣೆಯ ಗಾಜಿನ ದೀಪಗಳು, ಮಲ್ಲಿಗೆಯ ಮಾಲೆಗಳು. ಹಬ್ಬದ ಮಧ್ಯಾಹ್ನದ ಪ್ರಾರ್ಥನೆಯ ಹೊತ್ತಿಗೆ ಸುರುಳಿಗಳನ್ನು ಹೊತ್ತು ಕಟ್ಟಡದಿಂದ ಹೊರಗೆ ಬಂದು ಸುತ್ತು ಹಾಕುತ್ತಿದ್ದರು. ಎಲ್ಲ ಮುಗಿದ ಮೇಲೆ ಆ ತಾತ್ಕಾಲಿಕ ಪೀಠವನ್ನು ವಿಧಿಯಂತೆ ಕಳಚಿಹಾಕುತ್ತಿದ್ದರು. 1980ರ ದಶಕದಲ್ಲಿ ಈ ಸಮುದಾಯದ ನಡುವೆ ಇದ್ದು ಅಧ್ಯಯನ ಮಾಡಿದ ನೇಥನ್ ಕಾಟ್ಜ್ ಮತ್ತು ಎಲೆನ್ ಗೋಲ್ಡ್‌ಬರ್ಗ್ ಈ ಮೂರೂ ಜಗತ್ತಿನ ಬೇರೆ ಯಹೂದಿಗಳಲ್ಲಿ ಇಲ್ಲವೆಂದು ಗುರುತಿಸಿದರು. ದೇವರನ್ನು ಹೊರತಂದು ದರ್ಶನಕ್ಕಿಡುವುದು, ಮೆರವಣಿಗೆ ಮಾಡುವುದು, ಕೊನೆಗೆ ವಿಸರ್ಜಿಸುವುದು ಎಂಬ ಕೇರಳದ ದೇವಸ್ಥಾನಗಳ ಉತ್ಸವದ ಕ್ರಮವೇ ಇಲ್ಲಿ ಯಹೂದಿ ರೂಪ ತಾಳಿದೆ ಎನ್ನುವುದು ಅವರ ವಾದ. ನನಗೆ ಅದು ಒಪ್ಪತಕ್ಕ ಮಾತು. ಆದರೆ ಇದನ್ನು ಎರವಲು ಎಂದಷ್ಟೇ ಕರೆದರೆ ಅನ್ಯಾಯವಾಗುತ್ತದೆ. ಅವರ ಶಾಸ್ತ್ರದಲ್ಲಿ ವಿಗ್ರಹಕ್ಕೆ ಎಡೆಯಿಲ್ಲ, ಆ ಗೆರೆಯನ್ನು ಅವರು ದಾಟಲೇ ಇಲ್ಲ. ಸಂತೋಷವನ್ನು ತೋರಿಸುವ ಬಗೆಯನ್ನು ಮಾತ್ರ ನೆರೆಯವರಿಂದ ಕಲಿತರು.

ಹೆಂಗಸರ ಹಾಡಿನ ಮಾತು ಹೇಳದೆ ಕೊಚ್ಚಿಯ ಹಬ್ಬ ಪೂರ್ತಿಯಾಗದು. ಅನೇಕ ಸಾಂಪ್ರದಾಯಿಕ ಯಹೂದಿ ಸಭೆಗಳಲ್ಲಿ ಗಂಡಸರ ಮುಂದೆ ಹೆಂಗಸರು ದನಿಯೆತ್ತಿ ಹಾಡುವುದಕ್ಕೆ ನಿರ್ಬಂಧವಿದೆ. ಕೇರಳದಲ್ಲಿ ಅದು ಇರಲಿಲ್ಲ. ಹೀಬ್ರೂ ಪ್ರಾರ್ಥನಾಗೀತೆಗಳನ್ನು ಅವರು ಗಂಡಸರೊಡನೆ ಗಟ್ಟಿಯಾಗಿ ಹಾಡುತ್ತಿದ್ದರು. ಅದಲ್ಲದೆ ಮದುವೆ, ಹಬ್ಬ, ಸಿನಗಾಗಿನ ಕಟ್ಟೋಣ, ಬೈಬಲಿನ ಕಥೆ ಎಲ್ಲದಕ್ಕೂ ಮಲಯಾಳಂನಲ್ಲಿ ಅವರದೇ ಹಾಡುಗಳಿದ್ದವು. ಕೈಬರಹದ ನೋಟುಪುಸ್ತಕಗಳಲ್ಲಿ ಅವು ತಾಯಿಂದ ಮಗಳಿಗೆ ಬಂದವು. ಸ್ಕರಿಯಾ ಝಕರಿಯಾ ಮತ್ತು ಒಫೀರಾ ಗಮ್ಲಿಯೆಲ್ 2005ರಲ್ಲಿ ಇಂಥ ಹಾಡುಗಳ ಒಂದು ಸಂಗ್ರಹವನ್ನು ಮಲಯಾಳಂ ಮತ್ತು ಹೀಬ್ರೂ ಎರಡರಲ್ಲೂ ಪ್ರಕಟಿಸಿದರು. ಆ ಕೆಲಸ ಆಗದೆ ಹೋಗಿದ್ದರೆ ಒಂದು ತಲೆಮಾರಿನೊಂದಿಗೇ ಅಷ್ಟೂ ಮಣ್ಣಾಗುತ್ತಿತ್ತು.

ಇನ್ನೊಂದನ್ನೂ ಹೇಳಬೇಕು. ಹಬ್ಬದಲ್ಲಿ ಸಂತೋಷಪಡು ಎನ್ನುವುದು ತೋರಾದಲ್ಲಿ ಸಲಹೆಯಲ್ಲ, ಆಜ್ಞೆ. ಧರ್ಮೋಪದೇಶಕಾಂಡದ ಹದಿನಾರನೆಯ ಅಧ್ಯಾಯದಲ್ಲಿ ಸುಕ್ಕೋತ್ ಬಗ್ಗೆ ಹೇಳುವಾಗ ಯಾರಾರು ಸಂತೋಷಪಡಬೇಕೆಂಬ ಪಟ್ಟಿಯೂ ಇದೆ. ಮಗ, ಮಗಳು, ಆಳು, ಪರದೇಶಿ, ತಂದೆಯಿಲ್ಲದ ಮಗು, ವಿಧವೆ ಎಲ್ಲರೂ ಅದರಲ್ಲಿದ್ದಾರೆ. ಹಾಗಿದ್ದೂ ಪರದೇಸಿ ಸಿನಗಾಗಿನಲ್ಲಿ ಒಂದು ವರ್ಗದವರನ್ನು ತಲೆಮಾರುಗಟ್ಟಲೆ ಹೊರಗಿನ ಪಡಸಾಲೆಯಲ್ಲಿ ಕೂರಿಸಲಾಯಿತು. ಮೆಶುಖ್ರಾರಿಂ, ಅಂದರೆ ಬಿಡುಗಡೆಯಾದ ದಾಸರ ಸಂತತಿ ಎಂಬ ಹಣೆಪಟ್ಟಿ ಅವರಿಗೆ. ಅವರನ್ನು ಓದಿಗೆ ಕರೆಯುತ್ತಿರಲಿಲ್ಲ, ಹೂಳುವ ಜಾಗವೂ ಬೇರೆ. ಮೊದಲಿನಿಂದ ಅಲ್ಲಿದ್ದ ಮಲಬಾರಿ ಯಹೂದಿಗಳೊಡನೆ, ಆಮೇಲೆ ಹೊರಗಿನಿಂದ ಬಂದ ಪರದೇಸಿಗಳು ಕೊಡುಕೊಳ್ಳುವ ಸಂಬಂಧ ಬೆಳೆಸುತ್ತಿರಲಿಲ್ಲ. ನೆರೆಯವರಿಂದ ದೀಪ, ತೋರಣಗಳನ್ನು ಕಲಿತವರು ಜಾತಿಯನ್ನೂ ಕಲಿತರು. ಅದೇ ವರ್ಗದಲ್ಲಿ ಹುಟ್ಟಿ ವಕೀಲರಾದ ಎ.ಬಿ. ಸೇಲಂ ಗಾಂಧೀಜಿಯ ದಾರಿ ಹಿಡಿದು ಸಿನಗಾಗಿನೊಳಗೇ ಸತ್ಯಾಗ್ರಹ ಹೂಡಿದರು. ಜನ ಅವರನ್ನು ಯಹೂದಿ ಗಾಂಧಿ ಎಂದರು. 1940ರ ದಶಕದ ಹೊತ್ತಿಗೆ ಕಟ್ಟುಗಳು ಸಡಿಲವಾಗತೊಡಗಿದವು. ಅದೇ ಹಿನ್ನೆಲೆಯ ರೂಬಿ ಡೇನಿಯಲ್ ತಮ್ಮ ಬಾಲ್ಯದ ಜ್ಯೂ ಟೌನಿನ ಸಂಭ್ರಮವನ್ನೂ ಅವಮಾನವನ್ನೂ 1995ರಲ್ಲಿ ಬಂದ ತಮ್ಮ ಆತ್ಮಕಥನದಲ್ಲಿ ಒಟ್ಟಿಗೇ ಇಟ್ಟಿದ್ದಾರೆ. ಎಲ್ಲರಿಗೂ ಸರದಿ ಬರಬೇಕಾದ ಹಬ್ಬದಲ್ಲಿ ಕೆಲವರಿಗೆ ಸರದಿ ತಪ್ಪಿಸಿದ್ದು ಆ ಸಮುದಾಯ ಮಾಡಿದ ದೊಡ್ಡ ತಪ್ಪು. ಅದನ್ನು ತಿದ್ದಲು ಒಳಗಿನವರೇ ನಿಂತದ್ದು ಅದರ ದೊಡ್ಡತನ.

ಸರಿಯಾಗುವ ಹೊತ್ತಿಗೆ ಜನವೇ ಹೊರಟುಹೋದರು. 1948ರಲ್ಲಿ ಇಸ್ರೇಲ್ ಹುಟ್ಟಿತು. 1950ರ ದಶಕದಲ್ಲಿ ಕೇರಳದ ಎರಡು ಸಾವಿರಕ್ಕೂ ಹೆಚ್ಚು ಯಹೂದಿಗಳಲ್ಲಿ ಬಹುಪಾಲು ಅಲ್ಲಿಗೆ ಹೋದರು. ಯಾರೂ ಅಟ್ಟಲಿಲ್ಲ, ಪ್ರಾರ್ಥನೆಯಲ್ಲಿ ಹೆಸರು ಹೇಳುತ್ತ ಬಂದ ನಾಡು ಕರೆಯಿತೆಂದು ಹೋದರು. 1968ರಲ್ಲಿ ಪರದೇಸಿ ಸಿನಗಾಗಿನ ನಾನ್ನೂರನೆಯ ವರ್ಷಾಚರಣೆಗೆ ಪ್ರಧಾನಿ ಇಂದಿರಾ ಗಾಂಧಿ ಬಂದರು, ಅಂಚೆ ಚೀಟಿ ಬಿಡುಗಡೆಯಾಯಿತು. ಅಷ್ಟರಲ್ಲಾಗಲೇ ಪ್ರಾರ್ಥನೆಗೆ ಬೇಕಾದ ಮಂದಿ ಕರಗುತ್ತ ಬಂದಿದ್ದರು. ಯಹೂದಿ ಶಾಸ್ತ್ರದ ಪ್ರಕಾರ ಹತ್ತು ಮಂದಿ ವಯಸ್ಕ ಗಂಡಸರು ಸೇರದೆ ಸಭೆಯಲ್ಲಿ ತೋರಾ ಓದುವಂತಿಲ್ಲ. ಆ ಹತ್ತರ ಗುಂಪಿಗೆ ಮಿನ್ಯಾನ್ ಎಂದು ಹೆಸರು. ಹೊರ ಊರಿನ, ಹೊರ ದೇಶದ ಯಾತ್ರಿಕರು ಬಂದರೆ ಹತ್ತಾಗುತ್ತದೆ, ಬರದಿದ್ದರೆ ಇಲ್ಲ. ಸಿನಗಾಗಿನ ಆಡಳಿತ ನಡೆಸಿದ್ದ ಕ್ವೀನಿ ಹಲ್ಲೇಗುವಾ 2024ರ ಆಗಸ್ಟ್‌ನಲ್ಲಿ ತೀರಿಕೊಂಡ ಮೇಲೆ ಆ ಬೀದಿಯ ಹಳೆಯ ಮನೆಗಳಲ್ಲಿ ಪರದೇಸಿ ಯಹೂದಿಗಳು ಇಲ್ಲವೇ ಇಲ್ಲ ಎನ್ನುವಷ್ಟಾಗಿದ್ದಾರೆ. ಅಲ್ಲೇ ಮಟ್ಟಂಚೇರಿಯ ಕಡವುಂಭಾಗಂ ಸಿನಗಾಗಿನ ಒಳಗಿನ ಮರದ ಕೆತ್ತನೆಯನ್ನು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ ಜೋಡಿಸಿಟ್ಟಿದ್ದಾರೆ. ಮಟ್ಟಂಚೇರಿಯಲ್ಲಿ ಉಳಿದಿದ್ದ ಅದರ ಗೋಡೆ 2019ರ ಮಳೆಗೆ ಕುಸಿಯಿತು.

ಹಬ್ಬ ಮಾತ್ರ ನಿಲ್ಲಲಿಲ್ಲ. ಇಸ್ರೇಲಿನ ನೆಗೆವ್ ಮರುಭೂಮಿಯ ನೆವಾತಿಂ ಎಂಬ ಹಳ್ಳಿಯಲ್ಲಿ 1954ರಿಂದ ಕೊಚ್ಚಿಯವರು ನೆಲೆಸಿದ್ದಾರೆ. ಅಲ್ಲಿ ಕೇರಳದ ಮಾದರಿಯಲ್ಲಿ ಕಟ್ಟಿದ ಸಿನಗಾಗಿದೆ, ಅದರ ಗ್ರಂಥಪೀಠ ಕೇರಳದಿಂದ ಹೋದದ್ದು. ಹಳೆಯ ಕಟ್ಟಡಗಳು ಸಾವಿರಾರು ಮೈಲಿ ದೂರದಲ್ಲಿ ಉಳಿದುಹೋಗಿದ್ದರೂ ಹತ್ತು ಜನ ಸೇರುವಲ್ಲಿ ಹಬ್ಬ ನಡೆಯುತ್ತದೆ.

ಈ ಸುರುಳಿಗಳ ದಾರಿಯಲ್ಲಿ ನಮ್ಮ ಮಲೆನಾಡೂ ಒಂದು ತಂಗುದಾಣ. ಕೊಂಕಣ ಕರಾವಳಿಯ ಬೆನೆ ಇಸ್ರೇಲಿ ಯಹೂದಿಗಳಲ್ಲಿ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಎಂಬವರು ಈಸ್ಟ್ ಇಂಡಿಯಾ ಕಂಪನಿಯ ಪಡೆಯಲ್ಲಿ ಅಧಿಕಾರಿಯಾಗಿದ್ದರು. ಎರಡನೇ ಮೈಸೂರು ಯುದ್ಧದಲ್ಲಿ, 1783ರಲ್ಲಿ, ಬಿದನೂರು ಕೋಟೆಯನ್ನು ಟಿಪ್ಪು ಮರಳಿ ಗೆದ್ದಾಗ ಅವರು ಸೆರೆಸಿಕ್ಕರು. ಈಗ ಹೊಸನಗರ ತಾಲ್ಲೂಕಿನ ನಗರ ಎನ್ನುವ ಊರೇ ಆ ಬಿದನೂರು. ಸೆರೆಯಾದವರು ಬೆನೆ ಇಸ್ರೇಲಿಗಳು ಎಂದು ತಿಳಿದಾಗ ಟಿಪ್ಪುವಿನ ತಾಯಿ, ಇವರು ಕುರಾನಿನಲ್ಲಿ ಹೆಸರು ಬಂದಿರುವ ಜನ, ಕೊಲ್ಲಬೇಡ ಎಂದು ಮಗನನ್ನು ಕೇಳಿಕೊಂಡಳು ಎಂಬ ಕಥೆ ಆ ಸಮುದಾಯದಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಇದೆ. ಜೀವ ಉಳಿದರೆ ಸಿನಗಾಗ್ ಕಟ್ಟಿಸುವೆನೆಂದು ದಿವೇಕರ್ ಹರಕೆ ಹೊತ್ತಿದ್ದರಂತೆ. 1796ರಲ್ಲಿ ಮುಂಬೈಯ ಮೊದಲ ಸಿನಗಾಗ್ ಅವರಿಂದ ಎದ್ದಿತು. ಅದರ ಹೆಸರು ಶಾರ್ ಹರಹಾಮಿಂ, ಕರುಣೆಯ ಬಾಗಿಲು. ಆದರೆ ಕಟ್ಟಡಕ್ಕೆ ತೋರಾ ಸುರುಳಿ ಬೇಕಲ್ಲ? ಅದನ್ನು ತರಲೆಂದು ಕೊಚ್ಚಿಗೆ ಹೋದ ದಿವೇಕರ್ ಅಲ್ಲಿಯೇ ತೀರಿಕೊಂಡರು. ಮಸೀದಿ ಬಂದರಿನ ಸ್ಯಾಮ್ಯುಯೆಲ್ ಸ್ಟ್ರೀಟಿನಲ್ಲಿರುವ ಈ ಸಿನಗಾಗನ್ನು ಸ್ಥಳೀಯರು ಜೂನಿ ಮಶೀದ್ ಎನ್ನುತ್ತಾರೆ. ಆ ಪರಿಸರದಲ್ಲಿ ಓಡಾಡಿರುವ ಮುಂಬೈ ಕನ್ನಡಿಗರು ಎಷ್ಟೋ ಮಂದಿ. ಆ ಹೆಸರಿನ ಹಿಂದೆ ನಮ್ಮ ಬಿದನೂರಿನ ಸೆರೆ ಇರುವುದು ಎಷ್ಟು ಜನಕ್ಕೆ ಗೊತ್ತು?

2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಸಿಮ್ಹತ್ ತೋರಾ. ಆ ಬೆಳಗ್ಗೆ ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು. ಅದರ ಬೆನ್ನಲ್ಲೇ ಶುರುವಾದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಪ್ರಾಣ ಕಳೆದುಕೊಂಡರು. ಮರುವರ್ಷ ಹಬ್ಬ ಬಂದಾಗ ಜಗತ್ತಿನ ಸಿನಗಾಗುಗಳಲ್ಲೆಲ್ಲ ಒಂದೇ ಪ್ರಶ್ನೆ: ಕುಣಿಯಬೇಕೆ? ಕೆಲವರು ಸುತ್ತುಗಳಲ್ಲಿ ಒಂದನ್ನು ಸತ್ತವರ ನೆನಪಿಗೆ ಮೌನವಾಗಿ ನಡೆದರು. ಕೆಲವರು ಅಳುತ್ತಲೇ ಹಾಡಿದರು. ಓದನ್ನಂತೂ ನಿಲ್ಲಿಸುವಂತಿರಲಿಲ್ಲ. ಮೋಶೆಯ ಮರಣ ಓದಿ, ಸುರುಳಿ ಬದಲಿಸಿ, ಸೃಷ್ಟಿಯ ಮೊದಲ ದಿನಕ್ಕೆ ಹೋಗಲೇಬೇಕಿತ್ತು. ನೋವಿನ ವರ್ಷದಲ್ಲೂ ಸಂತೋಷವನ್ನು ಕರ್ತವ್ಯವೆಂದು ಮಾಡುವ ಜನರ ಬಗ್ಗೆ ನನಗೆ ಗೌರವವಿದೆ. ಹಾಗೆಂದು ಬೇರೆಯವರ ನೋವನ್ನು ಮರೆಯಲು ಆ ಕರ್ತವ್ಯ ಅಪ್ಪಣೆ ಕೊಡುವುದಿಲ್ಲ ಎಂಬುದನ್ನೂ ಆ ಪರದೇಶಿ, ಆ ವಿಧವೆ, ಆ ಮಗು ಇರುವ ಧರ್ಮೋಪದೇಶಕಾಂಡದ ಪಟ್ಟಿಯೇ ಹೇಳುತ್ತದೆ.

ಭಾರತದಲ್ಲಿ ಈಗ ಉಳಿದಿರುವ ಯಹೂದಿಗಳು ಐದು ಸಾವಿರದ ಆಸುಪಾಸು, ಹೆಚ್ಚಿನವರು ಮುಂಬೈ, ಠಾಣೆ ಸುತ್ತಮುತ್ತ. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಅವರಿಗೆ ಅಲ್ಪಸಂಖ್ಯಾತ ಸ್ಥಾನ ನೀಡಿತು. ಬೈಕುಲಾದ ಮಾಗೆನ್ ಡೇವಿಡ್, ಕಾಲಾ ಘೋಡಾದ ಕೆನೆಸೆತ್ ಎಲಿಯಾಹೂ, ಠಾಣೆಯ ಶಾರ್ ಹಶಾಮಯಿಂ ಮೊದಲಾದ ಸಿನಗಾಗುಗಳಿಗೆ ಇಂದಿಗೂ ಸಮುದಾಯದ ಆಸರೆಯಿದೆ. 2008ರ ನವೆಂಬರಿನ ಮುಂಬೈ ದಾಳಿಯಲ್ಲಿ ಯಹೂದಿ ಕೇಂದ್ರವಾದ ನರಿಮನ್ ಹೌಸ್ ಗುರಿಯಾದಾಗಿನಿಂದ ಅವುಗಳ ಬಾಗಿಲಲ್ಲಿ ಪೊಲೀಸ್ ಕಾವಲಿದೆ. ಒಮ್ಮೆಲೇ ನುಗ್ಗಿ ಹೋಗುವಂತಿಲ್ಲ. ಮೊದಲೇ ಕೇಳಿ ಅನುಮತಿ ಪಡೆಯಿರಿ, ಗುರುತಿನ ಚೀಟಿ ಇಟ್ಟುಕೊಳ್ಳಿ, ಗಂಡಸರು ತಲೆ ಮುಚ್ಚಿಕೊಳ್ಳಿ, ಹಬ್ಬದ ದಿನ ಕ್ಯಾಮೆರಾ ಮತ್ತು ಮೊಬೈಲ್ ಹೊರಗೇ ಇರಲಿ. ಪಕ್ಕದ ಮನೆಯವರ ಹಬ್ಬಕ್ಕೆ ಹೋಗುವ ವಿನಯ ಇದ್ದರೆ ಸಾಕು. 2026ರಲ್ಲಿ ಭಾರತದ ಸಿನಗಾಗುಗಳಲ್ಲಿ ಸಿಮ್ಹತ್ ತೋರಾ ಅಕ್ಟೋಬರ್ 3ರ ಶನಿವಾರ ಸೂರ್ಯಾಸ್ತದ ನಂತರ ಆರಂಭವಾಗುತ್ತದೆ.